ಸಂಬಳ ಮತ್ತು ರಜಾ

ನಮ್ಮ ಊರಿನ ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹಾಗಾಗಿ ನಮ್ಮ ಮೊಹಲ್ಲಾದಲ್ಲಿ ಓದು ತಲೆಗೆ ಹತ್ತದ, ಅಥವಾ ಓದಿಸಲು ಮನೆಯಲ್ಲಿ ದುಡ್ಡಿಲ್ಲದ ಹುಡುಗರಿಗೆ ಲಾರಿಯ ಕ್ಲೀನರ್ ಕೆಲಸ ಸುಲಭವಾಗಿ ಸಿಗುತ್ತಿತ್ತು. ನಾಲ್ಕೈದು ವರ್ಷ ಗಾಜು ಒರೆಸಿ, ಹಗ್ಗ ಬಿಗಿದು, ಟೈರು ಬಡಿದು ನೋಡಿದ ಮೇಲೆ ಅವರ ಕೈಗೆ ಸ್ಟೇರಿಂಗ್ ಬರುತ್ತಿತ್ತು. ಉರ್ದು ಪ್ರೈಮರಿ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಅಲಿಫ್, ಬೇ ಕಲಿತ ಗೆಳೆಯನೊಬ್ಬ ಹೀಗೇ ಡ್ರೈವರ್ ಆದ. ನಾನು ಕನ್ನಡ ಹೈಸ್ಕೂಲಿಗೆ ಹೋದೆ, ಅವನು ಹೆದ್ದಾರಿಗೆ ಹೋದ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೇರೆ ಬೇರೆ ಮಾಲೀಕರ ಲಾರಿ ಓಡಿಸಿ, ಕೊನೆಗೆ ದೊಡ್ಡದೊಂದು ಸಾಗಣೆ ಕಂಪನಿಯಲ್ಲಿ ತಿಂಗಳ ಸಂಬಳದ ಡ್ರೈವರ್ ಆಗಿ ಸೇರಿದ.

ಕಳೆದ ವರ್ಷ ಆ ಕಂಪನಿ ಅವನ ಸಂಬಳವನ್ನು ಒಮ್ಮೆಗೇ ನಾಲ್ಕು ಸಾವಿರ ರೂಪಾಯಿ ಹೆಚ್ಚಿಸಿತು. ಅವನ ತಾಯಿ ಅಕ್ಕಪಕ್ಕದ ಮನೆಗಳಿಗೆ ಶೀರಾ ಹಂಚಿದರು. ಅದಾಗಿ ಎಂಟು ತಿಂಗಳಿಗೆ ಅವನು ಆ ಕೆಲಸ ಬಿಟ್ಟು ಊರಿಗೆ ಬಂದು, ಹಾಲಿನ ಟ್ಯಾಂಕರ್ ಒಂದನ್ನು ಓಡಿಸತೊಡಗಿದ. ಸಿಗುವ ಹಣ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು. ಮಸೀದಿಯ ಕಟ್ಟೆಯಲ್ಲಿ ಹಿರಿಯರು ಅವನಿಗೆ 'ನಾಶುಕ್ರ' ಎಂದರು. ಅಲ್ಲಾಹು ಕೊಟ್ಟದ್ದನ್ನು ಕಾಲಿನಿಂದ ಒದ್ದವನು ಎಂಬ ಅರ್ಥದಲ್ಲಿ. ಕಂಪನಿಯ ಮ್ಯಾನೇಜರ್ ಫೋನು ಮಾಡಿ ಕೇಳಿದನಂತೆ: 'ಇನ್ನೆಷ್ಟು ಕೊಟ್ಟರೆ ನಿನಗೆ ತೃಪ್ತಿ?'

ನನ್ನ ಗೆಳೆಯನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅವನು ಅದನ್ನು ಚಹಾದಂಗಡಿಯಲ್ಲಿ ನನ್ನ ಮುಂದಿಟ್ಟ. ನನಗೂ ಹೊಳೆಯಲಿಲ್ಲ. ಆದರೆ ಪ್ರಶ್ನೆಯಲ್ಲೇ ಏನೋ ತಪ್ಪಿದೆ ಎಂದು ಮಾತ್ರ ಅನ್ನಿಸುತ್ತಿತ್ತು. ಆ ತಪ್ಪು ಎಲ್ಲಿದೆ ಎಂದು ಹುಡುಕುವುದು ಈ ಬರಹದ ಉದ್ದೇಶ.

ಮೊದಲು ಅವನ ಲೆಕ್ಕವನ್ನು ನೋಡೋಣ. ಬೆಂಗಳೂರಿನಿಂದ ದೆಹಲಿಗೆ ಲೋಡು ಒಯ್ಯಲು ಮೊದಲು ಅವನಿಗೆ ಐದು ದಿನಗಳ ಗಡುವಿತ್ತು. ಸಂಬಳ ಹೆಚ್ಚಾದ ತಿಂಗಳಲ್ಲೇ ಅದು ನಾಲ್ಕು ದಿನವಾಯಿತು. ಜೊತೆಗಿದ್ದ ಎರಡನೆಯ ಡ್ರೈವರನ್ನು ಬೇರೆ ಗಾಡಿಗೆ ಹಾಕಿದರು. ತಡವಾದರೆ ಕಡಿತ, ಲೆಕ್ಕಕ್ಕಿಂತ ಹೆಚ್ಚು ಡೀಸೆಲ್ ಕುಡಿದರೆ ಕಡಿತ. ಗೋದಾಮಿನ ಬಾಗಿಲಲ್ಲಿ ಸರಕು ಇಳಿಸಲು ಒಂದೂವರೆ ದಿನ ಕಾದರೆ ಆ ಒಂದೂವರೆ ದಿನಕ್ಕೆ ಭತ್ಯೆ ಇಲ್ಲ. ಗಾಡಿಗೆ ಜಿಪಿಎಸ್ ಹಾಕಿದ್ದರಿಂದ ಚಹಾಕ್ಕೆ ನಿಲ್ಲಿಸಿದರೂ ಫೋನು, ನಮಾಝಿಗೆ ನಿಲ್ಲಿಸಿದರೂ ಫೋನು. ಎಂಟು ತಿಂಗಳಲ್ಲಿ ಅವನು ಮನೆಯಲ್ಲಿ ಮಲಗಿದ್ದು ಹತ್ತೊಂಬತ್ತು ರಾತ್ರಿ. ಅದನ್ನು ಅವನ ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು. 'ರೊಕ್ಕ ಹೆಚ್ಚು ಮಾಡಿದ್ರಪ್ಪ, ಸುಳ್ಳು ಹೇಳಬಾರ್ದು' ಎಂದ ಅವನು, 'ಆದ್ರ ಅದ್ರಾಗ ನನ್ನ ನಿದ್ದೀನೂ ಸೇರಿಸಿ ಖರೀದಿ ಮಾಡಿಬಿಟ್ರು.'

ಇದರಲ್ಲಿ ಒಂದು ಮುಖ್ಯವಾದ ಮಾತಿದೆ. ಸಂಬಳ ಏರಿಸುವುದು ಎಂದು ನಾವು ಕರೆಯುವುದರಲ್ಲಿ ಎರಡು ಬಗೆಗಳಿವೆ. ಮಾಡುತ್ತಿರುವ ಕೆಲಸಕ್ಕೆ ಈವರೆಗೆ ಕಡಿಮೆ ಕೊಡುತ್ತಿದ್ದೆವು ಎಂದು ಒಪ್ಪಿ ಕೊಡುವುದು ಒಂದು. ಹೊಸದೇನನ್ನೋ ತೆಗೆದುಕೊಂಡು ಅದರ ಬೆಲೆಯಾಗಿ ಕೊಡುವುದು ಇನ್ನೊಂದು. ಮೊದಲನೆಯದು ಬಾಕಿ ತೀರಿಸುವುದು, ಎರಡನೆಯದು ವ್ಯಾಪಾರ. ವ್ಯಾಪಾರ ತಪ್ಪಲ್ಲ. ಆದರೆ ವ್ಯಾಪಾರ ಮಾಡಿ ಅದನ್ನು ಉಪಕಾರ ಎಂದು ಕರೆದು, ಮೇಲಿನಿಂದ ಕೃತಜ್ಞತೆಯನ್ನೂ ಕೇಳಿದರೆ ಅದು ತೂಕದಲ್ಲಿ ಮೋಸ.

ನಾನು ಎರಡು ಭಾಷೆಗಳಲ್ಲಿ ಓದಿದವನಾದ್ದರಿಂದ ಇಂಥ ಸಂದರ್ಭಗಳಲ್ಲಿ ಪದಗಳ ಕಡೆ ಗಮನ ಹೋಗುತ್ತದೆ. ಉರ್ದುವಿನಲ್ಲಿ ಸಂಬಳಕ್ಕೆ 'ತನಖ್ವಾಹ್' ಎನ್ನುತ್ತಾರೆ. ಫಾರಸಿಯ ಈ ಪದದಲ್ಲಿ 'ತನ್' ಎಂದರೆ ದೇಹ, 'ಖ್ವಾಹ್' ಎಂದರೆ ಬಯಸುವುದು. ದೇಹ ಕೇಳುವಂಥದ್ದು ತನಖ್ವಾಹ್. ಕನ್ನಡದ 'ಸಂಬಳ' ಸಂಸ್ಕೃತದ 'ಶಂಬಲ'ದಿಂದ ಬಂದದ್ದು. ಅದರ ಮೂಲ ಅರ್ಥ ದಾರಿಯ ಬುತ್ತಿ. ಪ್ರಯಾಣಕ್ಕೆ ಹೊರಟವನು ಕಟ್ಟಿಕೊಂಡು ಹೋಗುವ ಅನ್ನ. ಈ ಅರ್ಥದಲ್ಲಿ ನೋಡಿದರೆ ಲಾರಿ ಡ್ರೈವರನಷ್ಟು ಸರಿಯಾಗಿ ಸಂಬಳಕ್ಕೆ ಹಕ್ಕುದಾರನಾದವನು ಬೇರೊಬ್ಬನಿಲ್ಲ. ಆದರೆ ಬುತ್ತಿ ಎಷ್ಟೇ ದೊಡ್ಡದಿರಲಿ, ಅದು ದಾರಿ ನಡೆಯಲು ಬೇಕಾದದ್ದು. ದಾರಿ ಮುಗಿದು ಮನೆ ಸೇರುವುದು ಬುತ್ತಿಯೊಳಗೆ ಇರುವುದಿಲ್ಲ.

ಇನ್ನೊಂದು ಪದ 'ರಜಾ'. ಅರಬಿಯಿಂದ ಉರ್ದುವಿಗೆ ಬಂದ ಈ ಪದಕ್ಕೆ ಸಂತೋಷದ ಒಪ್ಪಿಗೆ, ಮನಸ್ಸಿನ ಸಮಾಧಾನ ಎಂಬ ಅರ್ಥಗಳಿವೆ. 'ರಾಜಿ' ಅದರದೇ ಬಳಗದ್ದು. ದೇವರ ರಜಾ ಎಂದರೆ ದೇವರ ಸಂತೃಪ್ತಿ. ಇದೇ ಪದ ಅನುಮತಿ ಎಂಬ ಅರ್ಥದಿಂದ ಕಚೇರಿಗಳ ಮೂಲಕ ಕನ್ನಡಕ್ಕೆ ಬಂದು, ಕೆಲಸದಿಂದ ಬಿಡುವು ಎಂಬ ಅರ್ಥದಲ್ಲಿ ನಿಂತಿತು. ಹೀಗೆ ನಮ್ಮ ಗೆಳೆಯ 'ರಜಾ ಇಲ್ಲ' ಎಂದಾಗ ಕನ್ನಡದಲ್ಲಿ ಅದು ಬಿಡುವಿಲ್ಲ ಎಂದೂ, ಉರ್ದುವಿನಲ್ಲಿ ಸಮಾಧಾನವಿಲ್ಲ ಎಂದೂ ಕೇಳಿಸುತ್ತದೆ. ಪದಗಳ ಈ ನೆಂಟಸ್ತಿಕೆಯಿಂದ ಯಾವುದನ್ನೂ ಸಾಬೀತು ಮಾಡಲಾಗದು. ಆದರೆ ಮ್ಯಾನೇಜರನ ಪ್ರಶ್ನೆಯಲ್ಲಿನ ತಪ್ಪು ಇಲ್ಲಿ ಸ್ವಲ್ಪ ಕಾಣುತ್ತದೆ. ಅವನು ರಜಾ ಸಿಗದವನಿಗೆ ಸಂಬಳದ ಪ್ರಮಾಣ ಕೇಳುತ್ತಿದ್ದ.

ಹಾಗಾದರೆ ಹಣದಿಂದ ತೃಪ್ತಿ ಬರುವುದಿಲ್ಲ ಎಂಬ ಹಳೆಯ ಉಪದೇಶಕ್ಕೇ ನಾನು ಬಂದು ನಿಲ್ಲುತ್ತಿದ್ದೇನೆಯೇ? ಇಲ್ಲ. ಆ ಉಪದೇಶದ ಬಗ್ಗೆ ನನಗೆ ಅನುಮಾನವಿದೆ. ಅದನ್ನು ಹೇಳುವವರು ಸಾಮಾನ್ಯವಾಗಿ ಹಣವಿದ್ದವರು. ಸಂಬಳದಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಸಾಗಣೆ ಕಂಪನಿಯ ಉದಾಹರಣೆ ಕಣ್ಣು ತೆರೆಸುವಂತಿದೆ.

ಅಮೆರಿಕದಲ್ಲಿ 1980ರ ಕಾಯ್ದೆಯೊಂದು ಲಾರಿ ಸಾಗಣೆಯ ಮೇಲಿದ್ದ ಸರಕಾರಿ ನಿಯಂತ್ರಣಗಳನ್ನು ಸಡಿಲಿಸಿತು. ಕಂಪನಿಗಳ ನಡುವೆ ಪೈಪೋಟಿ ಹೆಚ್ಚಿ ಸಾಗಣೆಯ ದರ ಇಳಿಯಿತು, ಅದರೊಂದಿಗೆ ಡ್ರೈವರುಗಳ ನಿಜವಾದ ಆದಾಯವೂ ಇಳಿಯಿತು. ಅಲ್ಲಿ ದೂರದ ಡ್ರೈವರುಗಳಿಗೆ ಹೆಚ್ಚಾಗಿ ಮೈಲಿ ಲೆಕ್ಕದಲ್ಲಿ ಕೂಲಿ. ಚಕ್ರ ತಿರುಗಿದರೆ ಹಣ, ನಿಂತರೆ ಇಲ್ಲ. ಹೆಚ್ಚುವರಿ ಗಂಟೆಗಳಿಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂಬ 1938ರ ಕಾನೂನು ಅಲ್ಲಿನ ಬಹಳಷ್ಟು ಲಾರಿ ಡ್ರೈವರುಗಳಿಗೆ ಅನ್ವಯಿಸುವುದಿಲ್ಲ. ಇದರಿಂದಾಗಿ ದೊಡ್ಡ ಕಂಪನಿಗಳಲ್ಲಿ ಡ್ರೈವರುಗಳು ನಿಲ್ಲುತ್ತಲೇ ಇರಲಿಲ್ಲ. ಒಂದು ವರ್ಷದಲ್ಲಿ ನೂರು ಡ್ರೈವರುಗಳ ಜಾಗಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಸಬರನ್ನು ಹುಡುಕಬೇಕಾದ ವರ್ಷಗಳು ಅಲ್ಲಿ ಎಷ್ಟೋ ಬಂದುಹೋಗಿವೆ.

ಅರ್ಕಾನ್ಸಾ ರಾಜ್ಯದ ಜೆ. ಬಿ. ಹಂಟ್ ಇಂಥ ದೊಡ್ಡ ಕಂಪನಿಗಳಲ್ಲೊಂದು. ಅದನ್ನು ಕಟ್ಟಿದವರು ತಾವೇ ಹಿಂದೆ ಲಾರಿ ಓಡಿಸಿದವರು. 1996ರಲ್ಲಿ ಆ ಕಂಪನಿ ತನ್ನ ದೂರದ ಡ್ರೈವರುಗಳ ಕೂಲಿಯನ್ನು ಒಮ್ಮೆಗೇ ಸುಮಾರು ಶೇ. 33ರಷ್ಟು ಹೆಚ್ಚಿಸುವುದಾಗಿ ಘೋಷಿಸಿ, 1997ರಲ್ಲಿ ಜಾರಿಗೆ ತಂದಿತು. ಹೊಸಬರನ್ನು ತರಬೇತು ಮಾಡಿ ಕಳೆದುಕೊಳ್ಳುವ ಬದಲು ಅನುಭವಿಗಳಿಗೆ ಚೆನ್ನಾಗಿ ಕೊಟ್ಟು ಉಳಿಸಿಕೊಳ್ಳೋಣ ಎಂಬ ಲೆಕ್ಕ ಅದು. ಮೈಕೆಲ್ ಬೆಲ್ಜರ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ಈ ಪ್ರಕರಣವನ್ನು ಅಧ್ಯಯನ ಮಾಡಿದರು. ಅವರು ಕೂಡ ಪ್ರಾಧ್ಯಾಪಕರಾಗುವ ಮೊದಲು ವರ್ಷಗಟ್ಟಲೆ ಲಾರಿ ಓಡಿಸಿದ್ದವರು. ಕೂಲಿ ಹೆಚ್ಚಿದ ಮೇಲೆ ಕೆಲಸ ಬಿಟ್ಟುಹೋಗುವವರ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು. ಅಪಘಾತಗಳೂ ಅದೇ ರೀತಿ ಇಳಿದಿದ್ದವು. ಅನುಭವಿಗಳು ಬಂದದ್ದು ಇದಕ್ಕೊಂದು ಕಾರಣ. ಆದರೆ ಅದೊಂದೇ ಅಲ್ಲ, ಕೂಲಿಗೂ ರಸ್ತೆಯ ಸುರಕ್ಷತೆಗೂ ನೇರ ಸಂಬಂಧವಿದೆ ಎಂಬುದು ಅವರ ತೀರ್ಮಾನ.

ಇದು ಸಣ್ಣ ಸಂಗತಿಯಲ್ಲ. ಡ್ರೈವರನ ಕೂಲಿ ಅವನ ಮತ್ತು ಮಾಲೀಕನ ನಡುವಿನ ವಿಷಯ ಮಾತ್ರ ಎಂದು ತಿಳಿದವರು, ರಾತ್ರಿ ಎರಡು ಗಂಟೆಗೆ ತಮ್ಮ ಬಸ್ಸಿನ ಎದುರಿನಿಂದ ಬರುವ ಲಾರಿಯ ಬೆಳಕನ್ನು ನೆನಪಿಸಿಕೊಳ್ಳಲಿ. ಆ ಬೆಳಕಿನ ಹಿಂದೆ ಇರುವವನು ನಿದ್ದೆ ಮಾಡಿದ್ದಾನೆಯೇ ಎಂಬುದು ಅವನ ಕೂಲಿಯ ಲೆಕ್ಕದಲ್ಲಿದೆ.

ಆದರೆ ಈ ಕಥೆಗೆ ಇನ್ನೊಂದು ಅರ್ಧವಿದೆ. ಕೂಲಿ ಮೂರನೇ ಒಂದು ಪಾಲು ಏರಿದ ಮೇಲೂ, ಬಿಟ್ಟುಹೋಗುವವರ ಸಂಖ್ಯೆ ಅರ್ಧಕ್ಕೆ ಬಂದು ನಿಂತಿತು, ಸೊನ್ನೆಗೆ ಬರಲಿಲ್ಲ. ಉಳಿದವರೇಕೆ ಹೋದರು? 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ವಿಚಾರ ಮುಂದಿಟ್ಟಿದ್ದರು. ಅತೃಪ್ತಿ ಹೋಗುವುದು ಬೇರೆ, ತೃಪ್ತಿ ಬರುವುದು ಬೇರೆ. ಸಂಬಳ ಕಡಿಮೆಯಾದರೆ ಅತೃಪ್ತಿ ಖಂಡಿತ, ಆದರೆ ಸಂಬಳ ಸಾಕಷ್ಟಾದ ಮಾತ್ರಕ್ಕೆ ತೃಪ್ತಿ ತಾನಾಗಿ ಬರುವುದಿಲ್ಲ. ಅದಕ್ಕೆ ಕೆಲಸದಲ್ಲೇ ಏನಾದರೂ ಇರಬೇಕು, ಗೌರವವೋ, ಹೊಣೆಯೋ, ಸಾಧಿಸಿದೆನೆಂಬ ಭಾವವೋ. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಉಪ್ಪಿಲ್ಲದ ಸಾರನ್ನು ಉಣ್ಣಲಾಗದು, ಆದರೆ ಉಪ್ಪೊಂದೇ ಸಾರಾಗದು. ಹರ್ಜ್‌ಬರ್ಗ್ ಮಾತನಾಡಿಸಿದ್ದು ಎಂಜಿನಿಯರುಗಳನ್ನು, ಲೆಕ್ಕಿಗರನ್ನು. ಸಂಜೆ ಮನೆಗೆ ಹೋಗುವವರನ್ನು. ಹಾಗಾಗಿ ಮನೆಗೆ ಹೋಗುವುದೇ ಒಂದು ದೊಡ್ಡ ವಿಷಯವಾಗಬಹುದು ಎಂಬುದು ಆ ವಿಚಾರದಲ್ಲಿ ದೊಡ್ಡದಾಗಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಅದನ್ನು ಕಂಡ ಒಂದು ಪ್ರಯೋಗ ನಡೆದಿದೆ. 2014ರಲ್ಲಿ ಗುರುಗ್ರಾಮದಲ್ಲಿ ಆರಂಭವಾದ ರಿವಿಗೋ ಎಂಬ ಸಾಗಣೆ ಕಂಪನಿ ಹಳೆಯ ಕಾಲದ ಟಪಾಲು ಕುದುರೆಗಳ ಕ್ರಮವನ್ನು ಲಾರಿಗೆ ತಂದಿತು. ಒಬ್ಬ ಡ್ರೈವರ್ ನಾಲ್ಕೈದು ಗಂಟೆ ಓಡಿಸಿ ಒಂದು ನಿಲ್ದಾಣದಲ್ಲಿ ಗಾಡಿಯನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ. ಎದುರು ದಿಕ್ಕಿನಿಂದ ಬಂದ ಗಾಡಿಯನ್ನು ಹಿಡಿದು ತನ್ನ ಊರಿನ ಕಡೆ ಮರಳುತ್ತಾನೆ. ಸರಕು ನಿಲ್ಲದೆ ಹೋಗುತ್ತದೆ, ಮನುಷ್ಯ ಮನೆಗೆ ಬರುತ್ತಾನೆ. ಎಲ್ಲ ಕಂಪನಿಗಳಿಗೂ ಇದು ಸಾಧ್ಯವೆಂದು ಹೇಳಲಾಗದು. ಇದಕ್ಕೆ ದೊಡ್ಡ ಬಂಡವಾಳ, ಹೆದ್ದಾರಿಯುದ್ದಕ್ಕೂ ನಿಲ್ದಾಣಗಳು ಬೇಕು. ರಿವಿಗೋದ ಮುಖ್ಯ ವ್ಯವಹಾರವೇ 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸ್‌ಗೆ ಮಾರಾಟವಾಯಿತು. ಆದರೂ ಆ ಪ್ರಯೋಗ ಒಂದನ್ನು ತೋರಿಸಿಕೊಟ್ಟಿತು. ಡ್ರೈವರ್ ತಿಂಗಳುಗಟ್ಟಲೆ ಮನೆ ಬಿಟ್ಟಿರುವುದು ವಿಧಿಯಲ್ಲ, ಅದೊಂದು ಏರ್ಪಾಡು. ಏರ್ಪಾಡನ್ನು ಬದಲಿಸಬಹುದು.

ಕಾನೂನಿನ ಮಾತು ಬಂದಾಗ ಒಂದು ಸಂಗತಿ ಹೇಳಲೇಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಹೇಳಿತ್ತು. ನಮ್ಮ ಹೆದ್ದಾರಿಗಳಲ್ಲಿ ಅದನ್ನು ಯಾರೂ ನಂಬಲಾರರು. ಅದೇ ಕಾಯ್ದೆ ಕೆಲಸದ ಹೊತ್ತು ಯಾವುದೆಂದು ವಿವರಿಸುವಾಗ, ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಸಮಯ ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನೂ ಸೇರಿಸಿಕೊಳ್ಳಿ ಎಂದಿತ್ತು. ಒಂದೂವರೆ ದಿನ ಕಾದವನಿಗೆ ಈ ಮಾತು ಹೇಗೆ ಕೇಳಿಸೀತು? 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯ್ದೆ ಸೇರಿಹೋಗಿದೆ. ಕಾಗದದ ಮೇಲಿನ ಗಂಟೆಗಳು ರಸ್ತೆಗೆ ಇಳಿಯುತ್ತವೆಯೇ ಎಂದು ಕಾದು ನೋಡಬೇಕು.

ಹೀಗೆ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಕೆಲಸಕ್ಕೆ ನಮ್ಮ ಹಿರಿಯರು 'ಬಿಟ್ಟಿ' ಎನ್ನುತ್ತಿದ್ದರು. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಜನರಿಂದ ಬಿಟ್ಟಿ ದುಡಿಸುವುದನ್ನು ಅತಿ ದೊಡ್ಡ ಅನ್ಯಾಯಗಳ ಸಾಲಿಗೆ ಸೇರಿಸಿದ್ದಾರೆ. ದುಡಿಮೆಯೇ ಮನುಷ್ಯನ ಬಂಡವಾಳ, ಅದನ್ನು ಪುಕ್ಕಟೆ ಕಿತ್ತುಕೊಂಡರೆ ನಾಡೇ ಹಾಳಾಗುತ್ತದೆ ಎಂಬುದು ಅವರ ವಾದ. ಪ್ರವಾದಿ ಮುಹಮ್ಮದ್(ಸ)ರ ಮಾತೊಂದು ಎಲ್ಲರಿಗೂ ಗೊತ್ತಿದೆ. ದುಡಿದವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬುದು. 2025ರ ಅಕ್ಟೋಬರಿನಿಂದ ತಯಾರಾಗುವ ಸರಕು ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದರಿಂದ, ಇನ್ನು ಮುಂದೆ ಮಾಲೀಕರು ಸ್ವಲ್ಪ ಬೇಗನೇ ಕೊಡಬೇಕಾದೀತು! ತಮಾಷೆ ಇರಲಿ, ಆ ಹದೀಸಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು: ಅಲ್ಲಿ ಕೂಲಿಯ ಹೊಣೆಯನ್ನು ಕೊಡುವವನ ಮೇಲೆ ಹೊರಿಸಲಾಗಿದೆ. ಪಡೆದವನು ತೃಪ್ತನಾಗಿರಬೇಕೆಂಬ ಷರತ್ತನ್ನು ಅಲ್ಲಿ ಹಾಕಿಲ್ಲ.

ಹಾಗೆಂದು ತೃಪ್ತಿ ಒಂದು ಗುಣವೇ ಅಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಸೂಫಿಗಳು 'ಕನಾಅತ್' ಎಂದು ಅದನ್ನು ಮನುಷ್ಯನ ದೊಡ್ಡ ಸಂಪತ್ತುಗಳಲ್ಲಿ ಎಣಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲ್ಲದೆ, ಮಿಕ್ಕದ್ದನ್ನು ಮರಳಿ ಸುರಿದು ಬರಲು ಹೇಳಿದಳು. ಈ ಕಥೆಯನ್ನು ನಾವು ಎಷ್ಟೋ ಸಲ ಹೇಳಿ ತಲೆದೂಗಿದ್ದೇವೆ. ಆದರೆ ಇಲ್ಲಿ ಸಾಕು ಎಂದವಳು ಯಾರೆಂಬುದನ್ನು ಗಮನಿಸಬೇಕು. ಸಾಕು ಎಂದವಳು ಲಕ್ಕಮ್ಮ. ಅಕ್ಕಿಯ ಕಣಜವಿದ್ದವನು ಬಂದು ಮಾರಯ್ಯನಿಗೆ 'ನಿನಗೆ ಇಷ್ಟು ಸಾಕು' ಎಂದಿದ್ದರೆ, ಅದೇ ಮಾತು, ಅಷ್ಟೇ ಅಕ್ಕಿ, ಆದರೆ ಕಥೆ ದಬ್ಬಾಳಿಕೆಯ ಕಥೆಯಾಗುತ್ತಿತ್ತು.

ಮ್ಯಾನೇಜರನ ಪ್ರಶ್ನೆಯಲ್ಲಿನ ತಪ್ಪು ಇದೇ ಎಂದು ನನಗೆ ಈಗ ಅನ್ನಿಸುತ್ತದೆ. ತೃಪ್ತಿ ಎಂಬುದು ಒಬ್ಬ ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಇನ್ನೊಬ್ಬನಿಂದ ವಸೂಲಿ ಮಾಡಬಹುದಾದ ಬಾಕಿ ಅಲ್ಲ. ಮಾಲೀಕ ಕೊಡಬೇಕಾದದ್ದು ಕೂಲಿ, ಕಾದ ಹೊತ್ತಿನ ಬೆಲೆ, ಮಲಗಲು ರಾತ್ರಿ, ಮನುಷ್ಯನೊಡನೆ ಆಡುವ ರೀತಿಯ ಮಾತು. ಇಷ್ಟನ್ನು ಕೊಟ್ಟ ಮೇಲೂ ಒಬ್ಬ ಡ್ರೈವರ್ ಅತೃಪ್ತನಾಗಿದ್ದರೆ ಅದು ಅವನ ಮತ್ತು ಅವನ ದೇವರ ನಡುವಿನ ವಿಷಯ. ಇಷ್ಟನ್ನು ಕೊಡದೆ ತೃಪ್ತಿಯನ್ನು ಕೇಳುವುದು ಅವನ ಕಿಸೆಗೆ ಎರಡನೆಯ ಸಲ ಕೈಹಾಕಿದಂತೆ.

ಮಾಲೀಕರ ಕಡೆಯಿಂದಲೂ ಯೋಚಿಸಬೇಕು. ನಮ್ಮಲ್ಲಿ ಹೆಚ್ಚಿನ ಲಾರಿ ಮಾಲೀಕರು ಒಂದೆರಡು, ನಾಲ್ಕಾರು ಗಾಡಿಗಳ ಸಣ್ಣವರು. ಅವರಲ್ಲಿ ಎಷ್ಟೋ ಜನ ನಿನ್ನೆಯ ಡ್ರೈವರುಗಳು. ಸಾಲದ ಕಂತು, ಟೋಲು, ಡೀಸೆಲ್ಲು, ವಿಮೆ ಎಲ್ಲ ಕಳೆದು, ಸರಕಿನ ದಲ್ಲಾಳಿ ಹೇಳಿದ ದರಕ್ಕೆ ಒಪ್ಪಬೇಕಾದವರು. ಅವರ ಮೇಲೆ ಒತ್ತುತ್ತಿರುವ ಕೈ ಯಾರದು ಎಂದು ಹುಡುಕುತ್ತ ಹೋದರೆ ಅದು ಕೊನೆಗೆ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಬೆಳಗ್ಗೆ ಆರ್ಡರ್ ಮಾಡಿದ್ದು ನಾಳೆಯೇ ಬರಬೇಕು, ಸಾಗಣೆಯ ಖರ್ಚು ಮಾತ್ರ ಉಚಿತವಾಗಿರಬೇಕು ಎನ್ನುವವರು ನಾವು. ಉಚಿತ ಎಂಬುದು ಲೋಕದಲ್ಲಿಲ್ಲ. ನಾವು ಕೊಡದ ಬೆಲೆಯನ್ನು ಹೆದ್ದಾರಿಯಲ್ಲಿ ಯಾರೋ ಒಬ್ಬ ತನ್ನ ನಿದ್ದೆಯಿಂದ ಕೊಡುತ್ತಿರುತ್ತಾನೆ.

ಮಸೀದಿಯ ಕಟ್ಟೆಯ ಹಿರಿಯರಿಗೂ ನನ್ನದೊಂದು ಮಾತಿದೆ. ಶುಕ್ರ್ ಎಂದರೆ ದೇವರು ಕೊಟ್ಟದ್ದಕ್ಕೆ ಕೃತಜ್ಞತೆ. ದೇವರು ಅವನಿಗೆ ನಾಲ್ಕು ಸಾವಿರ ರೂಪಾಯಿಯನ್ನು ಮಾತ್ರ ಕೊಟ್ಟಿರಲಿಲ್ಲ. ಕಣ್ಣು ಕೊಟ್ಟಿದ್ದ, ನಿದ್ದೆ ಕೊಟ್ಟಿದ್ದ, ವಯಸ್ಸಾದ ತಾಯಿಯನ್ನು, ಹೆಂಡತಿ ಮಕ್ಕಳನ್ನು ಕೊಟ್ಟಿದ್ದ. ಇವನ್ನು ಉಳಿಸಿಕೊಳ್ಳಲು ಅದನ್ನು ಬಿಟ್ಟವನು ನಾಶುಕ್ರ ಹೇಗಾದಾನು?

ಆದರೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಬರೆದರೆ ನಾನು ಸುಳ್ಳುಗಾರನಾಗುತ್ತೇನೆ. ಗೆಳೆಯನ ಮಗಳು ಈ ವರ್ಷ ನರ್ಸಿಂಗ್ ಕಾಲೇಜು ಸೇರಿದ್ದಾಳೆ. ಹಾಲಿನ ಟ್ಯಾಂಕರಿನ ದುಡಿಮೆಯಲ್ಲಿ ಫೀಸು ಹೊಂದುವುದಿಲ್ಲ. ಹೋದ ವಾರ ಅವನು ರಾತ್ರಿ ಮನೆಗೆ ಬಂದು, ಹಳೆಯ ಕಂಪನಿಗೆ ಒಂದು ಕಾಗದ ಬರೆದುಕೊಡು ಎಂದ. ಮತ್ತೆ ಸೇರಿಸಿಕೊಳ್ಳಲು. ಸಂಬಳ ಎಷ್ಟೆಂದು ಬರೆಯಲಿ ಎಂದು ಕೇಳಿದೆ. ಮೊದಲಿದ್ದಷ್ಟೇ ಇರಲಿ ಎಂದ. ನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಮಾತು ಸೇರಿಸಲು ಹೇಳಿದ. ತಿಂಗಳಿಗೆ ನಾಲ್ಕು ರಾತ್ರಿ ಮನೆಯಲ್ಲಿ ಮಲಗಲು ರಜಾ ಬೇಕು. ಸರಕು ಇಳಿಸಲು ಕಾದ ದಿನಗಳಿಗೂ ಭತ್ಯೆ ಬೇಕು.

ನಾನು ರೂಢಿಯಂತೆ ಕೊನೆಯಲ್ಲಿ 'ದಯವಿಟ್ಟು ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ' ಎಂದು ಬರೆದು ಓದಿದೆ. ಬೇಡಿಕೊಳ್ಳುತ್ತೇನೆ ಎಂಬುದನ್ನು ತೆಗೆದು ಕೇಳಿಕೊಳ್ಳುತ್ತೇನೆ ಎಂದು ಬರೆ ಎಂದ. ಹಾಗೇ ಬರೆದೆ. ಉತ್ತರ ಇನ್ನೂ ಬಂದಿಲ್ಲ.